44ನೇ ಡಿವಿಷನ್ ನಡೆದ ದಾರಿಗಳು

ಡಿವಿಷನ್ ಅಂದರೆ ಎಷ್ಟು ಜನ ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ಉದ್ದ ಎಂದು ಕೇಳುವವರು ಕಡಿಮೆ. ಸೋವಿಯತ್ ಸೇನೆಯ 44ನೇ ರೈಫಲ್ ಡಿವಿಷನ್‌ನ ಕಥೆ ಹೇಳಬೇಕಾದರೆ ಎರಡನೇ ಪ್ರಶ್ನೆಯಿಂದಲೇ ಶುರುಮಾಡಬೇಕು. ಅದು ಗೆದ್ದದ್ದು, ಸೋತದ್ದು, ಹೇಳಹೆಸರಿಲ್ಲದಂತೆ ಅಳಿದದ್ದು ಎಲ್ಲವೂ ಆ ಉದ್ದದ ಲೆಕ್ಕದಲ್ಲೇ ಇದೆ.

ಆದರೂ ಮೊದಲು ತಲೆ ಎಣಿಸಿಬಿಡೋಣ. 1941ರ ಏಪ್ರಿಲ್‌ನಲ್ಲಿ ಕೆಂಪು ಸೇನೆ ಕಾಗದದ ಮೇಲೆ ಗೊತ್ತುಮಾಡಿದ ರೈಫಲ್ ಡಿವಿಷನ್ ಒಂದರಲ್ಲಿ 14,483 ಜನ, 3,039 ಕುದುರೆ, 558 ಮೋಟಾರು ವಾಹನ. ಮೂರು ರೈಫಲ್ ರೆಜಿಮೆಂಟು, ಒಂದೊಂದರಲ್ಲೂ ಮೂರು ಬೆಟಾಲಿಯನ್ನು. ಅವುಗಳ ಬೆನ್ನಿಗೆ ಫಿರಂಗಿಗಳು, ಟ್ಯಾಂಕ್ ಹೊಡೆಯುವ ತೋಪುಗಳು, ಬೇಹಿನವರು, ಸೇತುವೆ ಕಟ್ಟುವ ಮತ್ತು ನೆಲಬಾಂಬು ಹೂಳುವ ಸ್ಯಾಪರ್‌ಗಳು, ತಂತಿ ಎಳೆಯುವವರು, ಗಾಯಾಳುಗಳನ್ನು ನೋಡಿಕೊಳ್ಳುವ ಬೆಟಾಲಿಯನ್, ರೊಟ್ಟಿ ಬೇಯಿಸುವ ಸಂಚಾರಿ ಬೇಕರಿ. 1939ರಲ್ಲಿ ಅಂಕಿ ಸ್ವಲ್ಪ ಬೇರೆ ಇತ್ತು, ನಿಜವಾದ ಯುದ್ಧದಲ್ಲಿ ಯಾವ ಡಿವಿಷನ್ನೂ ಕಾಗದದ ಅಂಕಿಯಷ್ಟು ತುಂಬಿರುತ್ತಿರಲಿಲ್ಲ. ಅಂದಾಜಿಗೆ ಇಷ್ಟು ಸಾಕು.

ಈಗ ಇವರನ್ನೆಲ್ಲ ಒಂದೇ ರಸ್ತೆಗೆ ಇಳಿಸಿ. ನಡೆಯುವ ಒಂಬತ್ತು ಸಾವಿರ ಜನರನ್ನು ನಾಲ್ಕು ನಾಲ್ಕು ಸಾಲಾಗಿ ನಿಲ್ಲಿಸಿದರೆ ಅವರೇ ನಾಲ್ಕೈದು ಕಿ.ಮೀ. ಆಗುತ್ತಾರೆ. ಜೋಡಿ ಕುದುರೆಯ ಬಂಡಿಗೆ ಹಿಂದೆ ಮುಂದೆ ಜಾಗ ಬಿಟ್ಟು ಹನ್ನೆರಡು ಮೀಟರ್ ಹಿಡಿಯಿರಿ, ಸಾವಿರ ಬಂಡಿಗೆ ಹನ್ನೆರಡು ಕಿ.ಮೀ. ಲಾರಿಗೆ ಇಪ್ಪತ್ತು ಮೀಟರ್ ಕೊಟ್ಟರೆ ಅವು ಇನ್ನೊಂದು ಹನ್ನೊಂದು ಕಿ.ಮೀ. ಒಟ್ಟು ಮೊತ್ತ ಇಪ್ಪತ್ತೈದರಿಂದ ಮೂವತ್ತು ಕಿ.ಮೀ. ಗಂಟೆಗೆ ನಾಲ್ಕು ಕಿ.ಮೀ. ನಡಿಗೆಯಲ್ಲಿ ತಲೆ ಹೊರಟ ಏಳು ಗಂಟೆಯ ಮೇಲೆ ಬಾಲ ಹೊರಡುತ್ತದೆ. ಎಲ್ಲರೂ ಪಕ್ಕಪಕ್ಕ ನಿಂತು ಹೊಡೆದಾಡಬಲ್ಲ ದೊಡ್ಡ ದಂಡು ಅಂದುಕೊಂಡಿದ್ದು ರಸ್ತೆಗೆ ಇಳಿದೊಡನೆ ದಾರದಂತೆ ಸಣ್ಣಗಾಗುತ್ತದೆ. ದಾರವನ್ನು ಎಲ್ಲಿ ಬೇಕಾದರೂ ಕತ್ತರಿಸಬಹುದು.

ಇನ್ನು ಹೊಟ್ಟೆಯ ಲೆಕ್ಕ. ಒಬ್ಬ ಸೈನಿಕನಿಗೆ ದಿನಕ್ಕೆ ರೊಟ್ಟಿ, ಕಾಳು, ಮಾಂಸ, ಆಲೂಗಡ್ಡೆ ಎಲ್ಲ ಸೇರಿ ಎರಡು ಕಿಲೊ ಅಂದರೂ ಡಿವಿಷನ್ನಿಗೆ ಸುಮಾರು 29 ಟನ್. ದುಡಿಯುವ ಕುದುರೆಗೆ ಓಟ್ಸ್ ಮತ್ತು ಒಣಹುಲ್ಲು ಸೇರಿ ಹತ್ತು ಕಿಲೊ, ಅಂದರೆ ಮತ್ತೆ 30 ಟನ್. ಮನುಷ್ಯರಿಗಿಂತ ಕುದುರೆಗಳ ಊಟವೇ ಭಾರ! ಆ ಕಾಲದ ಸೋವಿಯತ್ ಸೇನೆಯ ಮಾಮೂಲು ಲಾರಿ ಗಾಝ್-ಎಎ, ಹೊರುತ್ತಿದ್ದದ್ದು ಒಂದೂವರೆ ಟನ್. ಒಂದು ಗುಂಡನ್ನೂ ತರದೆ ಬರೀ ಊಟ-ಮೇವಿಗೇ ದಿನಕ್ಕೆ ನಲವತ್ತು ಲಾರಿ ಬಂದು ತಲುಪಬೇಕು. ಈ ನಲವತ್ತು ಲಾರಿ ನೆನಪಿರಲಿ.

44ನೇ ಡಿವಿಷನ್ ಹುಟ್ಟಿದ್ದು ರಷ್ಯಾ ಕ್ರಾಂತಿಯ ನಂತರದ ಅಂತರ್ಯುದ್ಧದ ಉಕ್ರೇನಿನಲ್ಲಿ. 1918ರ ಶರತ್ಕಾಲದಲ್ಲಿ ಜರ್ಮನ್ ಆಕ್ರಮಿತ ಪ್ರದೇಶದ ಅಂಚಿನಲ್ಲಿ, ಉನೇಚಾ ಎಂಬಲ್ಲಿ, ರೈತರು, ರೈಲ್ವೆಯವರು, ಓಡಿಬಂದ ಸೈನಿಕರು ಸೇರಿ ಕಟ್ಟಿದ ರೆಜಿಮೆಂಟುಗಳು ಅದರ ಬೇರು. ಬೊಹುನ್ ರೆಜಿಮೆಂಟಿಗೆ 17ನೇ ಶತಮಾನದ ಕೊಸಾಕ್ ಸರದಾರ ಇವಾನ್ ಬೊಹುನ್‌ನ ಹೆಸರು, ತರಾಶ್ಚಾ ರೆಜಿಮೆಂಟಿಗೆ ಊರಿನ ಹೆಸರು. ಬೊಹುನ್ ರೆಜಿಮೆಂಟಿನ ನಾಯಕ ಮಿಕೋಲಾ ಶ್ಚೋರ್ಸ್, 1895ರಲ್ಲಿ ಸ್ನೊವ್ಸ್ಕ್‌ನಲ್ಲಿ ಹುಟ್ಟಿದವರು. ಓದಿದ್ದು ಸೇನೆಯ ಕಾಂಪೌಂಡರ್ ಕೆಲಸ. 1919ರ ಫೆಬ್ರವರಿ 5ರಂದು ಇವರ ಪಡೆ ಕೀವ್ ಹೊಕ್ಕಿತು. ಆಗಸ್ಟ್‌ನಲ್ಲಿ ಶ್ಚೋರ್ಸ್ ಅವರ 1ನೇ ಉಕ್ರೇನಿಯನ್ ಸೋವಿಯತ್ ಡಿವಿಷನ್ನನ್ನು ಇವಾನ್ ದುಬೊವೊಯ್ ಅವರ 44ನೇ ಗಡಿ ಡಿವಿಷನ್ ಜೊತೆ ಸೇರಿಸಿದರು. ಹೊಸ ಪಡೆಗೆ ಉಳಿದ ಸಂಖ್ಯೆ 44. ನಾಯಕ ಶ್ಚೋರ್ಸ್, ಉಪನಾಯಕ ದುಬೊವೊಯ್.

ಅದರ ಮೊದಲ ದೊಡ್ಡ ಕೆಲಸವೇ ದಾರಿ ಕಾಯುವುದು. ಕೀವ್‌ನ ವಾಯವ್ಯಕ್ಕೆ ಕೊರೋಸ್ತೆನ್ ಅಂತ ಒಂದು ಪಟ್ಟಣ. ಹಲವು ದಿಕ್ಕಿನ ರೈಲುಹಳಿಗಳು ಅಲ್ಲಿ ಗಂಟುಬೀಳುತ್ತವೆ. 1919ರ ಆಗಸ್ಟ್ ಕೊನೆಗೆ ಒಂದು ಕಡೆಯಿಂದ ಉಕ್ರೇನಿಯನ್ ರಾಷ್ಟ್ರೀಯವಾದಿ ಪೆಟ್ಲ್ಯುರಾ ಸೇನೆ, ಇನ್ನೊಂದು ಕಡೆಯಿಂದ ಕ್ರಾಂತಿ ವಿರೋಧಿ ‘ಬಿಳಿ’ ಜನರಲ್ ದೆನಿಕಿನ್ ಸೇನೆ ಕೀವ್‌ನತ್ತ ಬರುತ್ತಿದ್ದಾಗ 12ನೇ ಕೆಂಪು ಸೇನೆಗೆ ಉತ್ತರಕ್ಕೆ ಜಾರಿಕೊಳ್ಳಲು ಉಳಿದ ಮುಖ್ಯ ಬಾಗಿಲು ಅದೇ. 44ನೇ ಡಿವಿಷನ್ ಆ ಗಂಟನ್ನು ಹಿಡಿದು ನಿಂತಿತು. ಅತ್ತ ಒಡೆಸ್ಸಾ ಕಡೆ ಸಿಕ್ಕಿಬಿದ್ದಿದ್ದ ಕೆಂಪು ಸೇನೆಯ ನಾಯಕ ಯಾಕಿರ್ ಅವರ ದಕ್ಷಿಣದ ಗುಂಪು ಶತ್ರುಗಳ ನಡುವೆಯೇ ನೂರಾರು ಕಿ.ಮೀ. ನಡೆದು ಸೆಪ್ಟೆಂಬರ್‌ನಲ್ಲಿ ಝಿತೊಮಿರ್ ಬಳಿ ಬಂದು ಸೇರಿಕೊಂಡದ್ದು ಇದೇ 44ನೇ ಡಿವಿಷನ್ನನ್ನು. ಬಾಗಿಲು ಮುಚ್ಚಿದ್ದರೆ ಆ ನಡಿಗೆಗೆ ಅರ್ಥವೇ ಇರುತ್ತಿರಲಿಲ್ಲ.

ಅದನ್ನು ನೋಡಲು ಶ್ಚೋರ್ಸ್ ಇರಲಿಲ್ಲ. ಆಗಸ್ಟ್ 30ರಂದು ಕೊರೋಸ್ತೆನ್ ಬಳಿ ಮುಂಚೂಣಿಯಲ್ಲಿ ತಲೆಗೆ ಗುಂಡು ಬಿದ್ದು ಸತ್ತರು, ವಯಸ್ಸು 24. ಶವವನ್ನು ಉಕ್ರೇನಿನಲ್ಲಿ ಹೂಳದೆ ದೂರದ ಸಮಾರಾಕ್ಕೆ ಒಯ್ದರು. 1949ರಲ್ಲಿ ಗೋರಿ ತೆಗೆದು ನೋಡಿದಾಗ ಗುಂಡು ಹಿಂದಲೆಯಿಂದ ಒಳಹೊಕ್ಕಿದ್ದು ಗೊತ್ತಾಯಿತು. ಹೊಡೆದವರು ಯಾರು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಪಕ್ಕದಲ್ಲೇ ಇದ್ದ ದುಬೊವೊಯ್ ಡಿವಿಷನ್ನಿನ ನಾಯಕರಾದರು, ಸ್ಟಾಲಿನ್ ತನ್ನವರ ಮೇಲೇ ನಡೆಸಿದ ‘ಶುದ್ಧೀಕರಣ’ದಲ್ಲಿ 1938ರಲ್ಲಿ ಅವರೂ ಗುಂಡಿಗೆ ಬಲಿಯಾದರು. ಯಾಕಿರ್ ಅವರನ್ನು 1937ರಲ್ಲೇ ಕೊಂದಿದ್ದರು.

1920ರ ಪೋಲಿಷ್ ಯುದ್ಧದಲ್ಲಿ 44ನೇ ಡಿವಿಷನ್ ಯಾಕಿರ್ ಅವರ ಫಾಸ್ತೊವ್ ಗುಂಪಿನಲ್ಲಿತ್ತು. ಮೇ 7ಕ್ಕೆ ಪೋಲರ ಕೈಸೇರಿದ ಕೀವ್ ಜೂನ್‌ನಲ್ಲಿ ಮರಳಿ ಸಿಕ್ಕಿತು. ಆಮೇಲೆ ಹತ್ತೊಂಬತ್ತು ವರ್ಷ ಝಿತೊಮಿರ್ ಕಡೆ ಕವಾಯತು, ಬಿರುದುಗಳು. ಕೀವ್ ಡಿವಿಷನ್, ಕೆಂಪು ಬಾವುಟದ ಡಿವಿಷನ್, ಶ್ಚೋರ್ಸ್ ಹೆಸರಿನ ಡಿವಿಷನ್. 1935ರಲ್ಲಿ ಸ್ಟಾಲಿನ್ ನಿರ್ದೇಶಕ ದೊವ್ಝೆಂಕೊ ಅವರಿಗೆ ಉಕ್ರೇನಿನ ಚಪಾಯೆವ್ ಒಬ್ಬನನ್ನು (ಚಪಾಯೆವ್ ಅಂತರ್ಯುದ್ಧದ ಕೆಂಪು ವೀರ, ಸಿನಿಮಾದಿಂದ ಮನೆಮಾತಾದವರು) ತೆರೆಗೆ ತರಲು ಸೂಚಿಸಿದರು. ಶ್ಚೋರ್ಸ್ ಕುರಿತ ಆ ಚಿತ್ರ ಬಂದದ್ದು 1939ರಲ್ಲಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಡಿವಿಷನ್ ಪೂರ್ವ ಪೋಲೆಂಡಿನೊಳಗೆ ನಡೆಯಿತು. ಅಲ್ಲಿ ಹೆಚ್ಚಿನ ಹೊಡೆದಾಟವಿರಲಿಲ್ಲ, ಹೆಚ್ಚಿನ ಪಾಠವೂ ಸಿಗಲಿಲ್ಲ. ಬಯಲು ಸೀಮೆ, ಹತ್ತಾರು ರಸ್ತೆ, ಊರೂರಲ್ಲೂ ಮೇವು. ಮುಂದೆ ಬಂದ ಕೇಡಿಗೆ ಈ ಸಲೀಸು ನಡಿಗೆಯೂ ಒಂದು ಕಾರಣ ಎಂದೇ ನಮ್ಮ ಎಣಿಕೆ.

ಈಗ ರಾತೆ ರಸ್ತೆಗೆ, ಅಂದರೆ ಸೋವಿಯತ್ ಗಡಿಯಿಂದ ಫಿನ್ಲೆಂಡಿನ ಸುವೊಮುಸ್ಸಾಲ್ಮಿ ಹಳ್ಳಿಗೆ ಕಾಡಿನ ನಡುವೆ ಹೋಗುವ ಹಾದಿಗೆ ಬರೋಣ. ಇವತ್ತಿನ ಮಾತಿನ ಹೆಚ್ಚಿನ ಪಾಲು ಅದಕ್ಕೇ.

1939ರ ನವೆಂಬರ್ 30ರಂದು ಸೋವಿಯತ್ ಒಕ್ಕೂಟ ಫಿನ್ಲೆಂಡಿನ ಮೇಲೆ ಬಿತ್ತು. ದೇಶದ ನಡು ಭಾಗದಲ್ಲಿ 9ನೇ ಸೇನೆಗೆ ಕೊಟ್ಟ ಕೆಲಸ: ಗಡಿಯಿಂದ ಪಶ್ಚಿಮಕ್ಕೆ ನುಗ್ಗಿ ಬೋತ್ನಿಯಾ ಕೊಲ್ಲಿಯ ಔಲು ಪಟ್ಟಣ ತಲುಪಿ ಫಿನ್ಲೆಂಡನ್ನು ಸೊಂಟಕ್ಕೇ ಕಡಿಯುವುದು. ನಕ್ಷೆಯ ಮೇಲೆ ಸೊಂಟ ನಿಜಕ್ಕೂ ಸಣ್ಣದು. ಆದರೆ ಅಲ್ಲಿರುವುದು ಕಾಡು, ಕೆರೆ, ಜೌಗು, ಮತ್ತು ಕೈಬೆರಳಿನಲ್ಲಿ ಎಣಿಸುವಷ್ಟು ರಸ್ತೆ. 163ನೇ ಡಿವಿಷನ್ ಡಿಸೆಂಬರ್ 7ಕ್ಕೆ ಸುವೊಮುಸ್ಸಾಲ್ಮಿ ಎಂಬ ಹಳ್ಳಿಯನ್ನು ಹಿಡಿಯಿತು. ಹಿಡಿದಾಗ ಹಳ್ಳಿ ಬೂದಿಯಾಗಿತ್ತು. ಫಿನ್ನರೇ ಮನೆಗಳಿಗೆ ಬೆಂಕಿ ಇಟ್ಟು ಹೋಗಿದ್ದರು. ಮೈನಸ್ ಮೂವತ್ತರ ಚಳಿಯಲ್ಲಿ ಸೂರು ಕಳೆದುಕೊಳ್ಳುವುದೆಂದರೆ ಏನೆಂದು ಸುಟ್ಟವರಿಗೆ ಚೆನ್ನಾಗಿ ಗೊತ್ತಿತ್ತು.

163ನೇ ಡಿವಿಷನ್ನಿಗೆ ಆಸರೆಯಾಗಲು ಹೊರಟದ್ದು 44ನೆಯದು. ಕಮಾಂಡರ್ ಅಲೆಕ್ಸೆಯ್ ವಿನೊಗ್ರಾದೊವ್. ರೆಜಿಮೆಂಟುಗಳು 25, 146, 305. ಜೊತೆಗೆ 122ನೇ ಫಿರಂಗಿ ರೆಜಿಮೆಂಟು ಮತ್ತು 312ನೇ ಟ್ಯಾಂಕ್ ಬೆಟಾಲಿಯನ್. ಉಕ್ರೇನಿನ ತರ್ನೊಪೋಲ್ ಸೀಮೆಯಿಂದ ರೈಲು ಹತ್ತಿಸಿ ಬಿಳಿ ಸಮುದ್ರದ ದಡದ ಕೆಮ್ ನಿಲ್ದಾಣದಲ್ಲಿ ಇಳಿಸಿದರು. ಅಲ್ಲಿಂದ ಗಡಿಗೆ ಉಖ್ತಾ ಮೂಲಕ 250 ಕಿ.ಮೀ.ಗೂ ಹೆಚ್ಚು ದೂರದ ಹಿಮದ ಹಾದಿ. ಮೊದಲ ತಪ್ಪು ಇಲ್ಲೇ ಆಯಿತು. ಇಡೀ ಡಿವಿಷನ್ ಒಂದೆಡೆ ಕೂಡುವ ತನಕ ಕಾಯಲಿಲ್ಲ. ರೈಲಿನಿಂದ ಇಳಿದ ತುಕಡಿ ಇಳಿದಂತೆಯೇ ಮುಂದೆ ಹೋಯಿತು. ಸೈನಿಕರು ಹೆಚ್ಚಿನವರು ಉಕ್ರೇನಿನ ಬಯಲಿನವರು. ಎಲ್ಲರಿಗೂ ಉಣ್ಣೆಯ ವಾಲೆಂಕಿ ಬೂಟು ಇರಲಿಲ್ಲ, ಕುರಿಚರ್ಮದ ಗಿಡ್ಡಕೋಟೂ ಇರಲಿಲ್ಲ. ಸ್ಕೀ ಮೇಲೆ ನಿಂತು ಅಭ್ಯಾಸವಿದ್ದವರು ಇನ್ನೂ ಕಡಿಮೆ.

ಕುದುರೆಗಳ ಮೇವಿನ ಲೆಕ್ಕಕ್ಕೆ ಈಗ ಜೀವ ಬರುತ್ತದೆ. ರೈಲು ನಿಲ್ಲುವುದು ಕೆಮ್‌ನಲ್ಲಿ. ಹಿಮದಲ್ಲಿ ತುಂಬಿದ ಲಾರಿ ದಿನಕ್ಕೆ ನೂರು ಕಿ.ಮೀ. ಓಡಿದರೂ ಹೋಗಿ ಬರಲು ಐದಾರು ದಿನ. ದಿನಕ್ಕೆ ನಲವತ್ತು ಲಾರಿ ತಲುಪಬೇಕಾದರೆ ಹಾದಿಯ ಮೇಲೆ ಇನ್ನೂರಕ್ಕೂ ಹೆಚ್ಚು ಲಾರಿ ಸದಾ ಓಡುತ್ತಿರಬೇಕು, ಅದೂ ಬರೀ ಊಟಕ್ಕೆ. ಅವುಗಳ ಪೆಟ್ರೋಲಿಗೆ ಬೇರೆ ಲಾರಿ. ಅದೇ ಹಾದಿಯಲ್ಲಿ ಮದ್ದುಗುಂಡು ಬರಬೇಕು, ಗಾಯಾಳುಗಳು ವಾಪಸು ಹೋಗಬೇಕು, 163ನೇ ಡಿವಿಷನ್ನಿನ ಸಾಮಾನೂ ಸಾಗಬೇಕು. ಒಂದು ಲಾರಿ ಅಡ್ಡ ಜಾರಿ ನಿಂತರೆ ಹಿಂದಿನದೆಲ್ಲ ನಿಂತಿತು. ಪಕ್ಕಕ್ಕೆ ಇಳಿದು ದಾಟಿ ಹೋಗೋಣವೆಂದರೆ ರಸ್ತೆಯ ಅಂಚಿನಾಚೆ ಸೊಂಟದುದ್ದ ಹಿಮ.

ಡಿಸೆಂಬರ್ ನಾಲ್ಕನೇ ವಾರಕ್ಕೆ ಡಿವಿಷನ್ನಿನ ತಲೆ ಹೌಕಿಲಾ ಎಂಬ ಒಂಟಿಮನೆಯ ಬಳಿ ಬಂದಿತ್ತು. ಸುವೊಮುಸ್ಸಾಲ್ಮಿಗೆ ಇನ್ನು ಹತ್ತು ಹನ್ನೆರಡು ಕಿ.ಮೀ. ಮುಂದೆ ಕುಯಿವಾಸ್ಯಾರ್ವಿ, ಕುವೊಮಾಸ್ಯಾರ್ವಿ ಎಂಬೆರಡು ಕೆರೆಗಳ ನಡುವಿನ ಇಕ್ಕಟ್ಟು ನೆಲದಲ್ಲಿ ರಸ್ತೆಗೆ ಅಡ್ಡ ಕೂತಿದ್ದವರು ಕ್ಯಾಪ್ಟನ್ ಮ್ಯಾಕಿನೆನ್ ಮತ್ತು ಅವರ ಎರಡು ಕಂಪನಿ, ಸುಮಾರು 350 ಜನ. ಹಿಂದೆ ಹೇಳಿದ ದಾರದ ಮಾತು ಇಲ್ಲಿ ಅರ್ಥವಾಗುತ್ತದೆ. ರಸ್ತೆಯ ಅಗಲದಷ್ಟೇ ಜಾಗದಲ್ಲಿ ಹೊಡೆದಾಡುವಾಗ ಡಿವಿಷನ್ನಿನ 14,000 ಜನರಲ್ಲಿ ಮುಂದಿನ ಒಂದೆರಡು ಕಂಪನಿ ಮಾತ್ರ ಗುಂಡು ಹಾರಿಸಬಲ್ಲವು. ಉಳಿದವರು ಇಪ್ಪತ್ತು ಕಿ.ಮೀ. ಹಿಂದಕ್ಕೆ ಗಡಿಯವರೆಗೆ ಸಾಲಾಗಿ ನಿಂತು ಕಾಯಬೇಕು. ಸ್ಕೀ ತೊಟ್ಟ ಸಣ್ಣ ಗುಂಪುಗಳು ಎಡಬಲದಿಂದ ಬಂದು ಕಚ್ಚಿ ಓಡಿದವು. ವಿನೊಗ್ರಾದೊವ್ ಇದನ್ನು ದೊಡ್ಡ ಸೇನೆಯೆಂದು ಬಗೆದು ನಿಂತಲ್ಲೇ ನಿಂತರು. ಅವರ ಫಿರಂಗಿಗಳ ಸದ್ದು ಕೇಳುವಷ್ಟು ಹತ್ತಿರದಲ್ಲೇ 163ನೇ ಡಿವಿಷನ್ ಡಿಸೆಂಬರ್ 27ರಿಂದ 30ರೊಳಗೆ ಮುರಿದುಬಿತ್ತು. ಉಳಿದವರು ಕಿಯಾಂತಾಯಾರ್ವಿ ಕೆರೆಯ ಹೆಪ್ಪಿನ ಮೇಲೆ ಓಡಿಹೋದರು.

ಈಗ ಫಿನ್ನರ ಕಡೆಯ ನಾಯಕ ಹ್ಯಾಲ್ಮರ್ ಸೀಲಾಸ್ವುವೊ ಪೂರ್ವಕ್ಕೆ ತಿರುಗಿದರು. ಅವರು ಮಾಡಿದ್ದನ್ನು ಹಂತ ಹಂತವಾಗಿ ನೋಡಬೇಕು. ಹೊರಗಿನವರು ಇದಕ್ಕೆ ‘ಮೊತ್ತಿ’ ತಂತ್ರ ಅಂತ ದೊಡ್ಡ ಹೆಸರು ಕೊಟ್ಟಿದ್ದಾರೆ. ಫಿನ್ನಿಶ್ ಭಾಷೆಯಲ್ಲಿ ಮೊತ್ತಿ ಅಂದರೆ ಅಳತೆಗೆ ಪೇರಿಸಿಟ್ಟ ಸೌದೆಯ ಒಟ್ಟಿಲು. ಸೀಳುವುದನ್ನು ಆಮೇಲೆ ನಿಧಾನಕ್ಕೆ ಮಾಡಿದರಾಯಿತು.

ಮೊದಲ ಕೆಲಸ ಗುಂಡು ಹೊಡೆಯುವುದಲ್ಲ, ದಾರಿ ಮಾಡುವುದು. ರಾತೆ ರಸ್ತೆಯ ದಕ್ಷಿಣಕ್ಕೆ, ಅದಕ್ಕೆ ಸಮವಾಗಿ, ಹೆಪ್ಪುಗಟ್ಟಿದ ಕೆರೆಗಳ ಮೇಲಿನ ಹಿಮ ತಳ್ಳಿ ಚಳಿಗಾಲದ ಹಾದಿ ತೆಗೆದರು. ಹಿಮ ಹೊದ್ದ ಹೆಪ್ಪು ದಪ್ಪಗಾಗುವುದಿಲ್ಲ, ಹಿಮವೇ ಕಂಬಳಿಯಾಗಿಬಿಡುತ್ತದೆ. ತಳ್ಳಿದರೆ ಚಳಿ ನೇರ ತಾಗಿ ಹೆಪ್ಪು ಗಟ್ಟಿಯಾಗಿ ಲಾರಿ, ತೋಪು ಹೊರುತ್ತದೆ. ಆ ಹಾದಿಯಿಂದ ರಸ್ತೆಯ ಕಡೆಗೆ ಸ್ಕೀ ಜಾಡುಗಳನ್ನು ಬಿಟ್ಟರು. ದಾಳಿಯ ಜಾಗಕ್ಕೆ ಕೆಲವೇ ಕಿ.ಮೀ. ದೂರದಲ್ಲಿ ಒಲೆಯಿರುವ ಗುಡಾರಗಳು. ಒಂದೊಂದರಲ್ಲೂ ಸುಮಾರು ಇಪ್ಪತ್ತು ಜನ, ನಡುವೆ ಕಬ್ಬಿಣದ ಸೌದೆ ಒಲೆ. ಗುಡಾರ, ಒಲೆ, ಮದ್ದು, ಗಾಯಾಳು ಎಲ್ಲವನ್ನೂ ಎಳೆಯುವುದು ದೋಣಿಯಾಕಾರದ ಅಹ್ಕಿಯೊ ಎಂಬ ಜಾರುಬಂಡಿಯಲ್ಲಿ. ಕೆಲವು ಗಂಟೆ ಹಿಮದಲ್ಲಿ ಮಲಗಿ ಹೊಡೆದಾಡಿದವನಿಗೆ ಸರದಿ ಮೇಲೆ ಬಿಸಿ ಜಾಗ, ಬಿಸಿ ಪಾನೀಯ. ರಸ್ತೆಯ ಮೇಲಿದ್ದವನಿಗೆ ಸಿಕ್ಕಿದ್ದು ಬಯಲಿನ ಬೆಂಕಿ. ಆ ಬೆಂಕಿ ಕಾಡಿನೊಳಗಿದ್ದವನಿಗೆ ಗುರಿ ತೋರಿಸುವ ದೀಪ.

ಎರಡನೆಯದು ಕತ್ತರಿ. ಜನವರಿ 1ರ ರಾತ್ರಿ ಕ್ಯಾಪ್ಟನ್ ಲಾಸ್ಸಿಲಾ ಅವರ ಬೆಟಾಲಿಯನ್, ಸುಮಾರು ಸಾವಿರ ಜನ, ಹೌಕಿಲಾದ ಪೂರ್ವಕ್ಕೆ ರಸ್ತೆಯ ಹತ್ತಿರ ಬಂದು ನಡುರಾತ್ರಿ ದಾಟುತ್ತಿದ್ದಂತೆ ಮೇಲೆ ಬಿದ್ದಿತು. ಅವರಿಗೆ ಎದುರಾದದ್ದು ಫಿರಂಗಿ ತುಕಡಿ. ತೋಪುಗಳ ಬಾಯಿ ಪಶ್ಚಿಮಕ್ಕೆ, ಶತ್ರು ಬಂದದ್ದು ದಕ್ಷಿಣದಿಂದ. ದೂರಕ್ಕೆ ಹೊಡೆಯುವ ಫಿರಂಗಿಯವನ ಕೈಯಲ್ಲಿ ಮೂವತ್ತು ಮೀಟರ್ ದೂರದ ಕಾಳಗಕ್ಕೆ ಏನೂ ಇರುವುದಿಲ್ಲ. ರಸ್ತೆ ಕೈಗೆ ಬಂದ ಕೂಡಲೇ ಸ್ಯಾಪರ್‌ಗಳು ಎರಡೂ ಕಡೆ ಮರ ಕೆಡವಿ ಅಡ್ಡ ಹಾಕಿ ನೆಲಬಾಂಬು ಹೂಳಿದರು, ಎಡಬಲಕ್ಕೆ ಮೆಷಿನ್‌ಗನ್‌ಗಳು ಕೂತವು. ಬೆಳಗಾಗುವ ಹೊತ್ತಿಗೆ ಚಳಿಗಾಲದ ಹಾದಿಯಲ್ಲಿ 37 ಮಿ.ಮೀ. ಬೋಫೋರ್ಸ್ ತೋಪು ಎರಡು ಬಂದು ತಲುಪಿದವು. ಕರ್ನಾಟಕದಲ್ಲಿ ಆ ಹೆಸರು ಕೇಳಿದರೆ ನೆನಪಾಗುವುದು ಬೇರೆ ಸಂಗತಿ, ಆದರೆ ಕಂಪನಿ ಅದೇ, ಸ್ವೀಡನ್ನಿನದು. ಅಡ್ಡ ತೆಗೆಸಲು ಬಂದ ಏಳು ಟ್ಯಾಂಕುಗಳು ಅಲ್ಲೇ ಸುಟ್ಟವು. ಸುಟ್ಟ ಟ್ಯಾಂಕುಗಳೇ ಹೊಸ ಅಡ್ಡವಾದವು.

ಟ್ಯಾಂಕು ಯಾಕೆ ಕೆಲಸಕ್ಕೆ ಬರಲಿಲ್ಲ ಎಂದು ಕೇಳಬಹುದು. ಟಿ-26 ಹತ್ತು ಟನ್ನಿನ ಹಗುರ ಟ್ಯಾಂಕು, ಮುಂದಿನ ಉಕ್ಕು 15 ಮಿ.ಮೀ. ಮಾತ್ರ. ಬೋಫೋರ್ಸ್ ಗುಂಡಿಗೆ ಅದು ರಟ್ಟು. ರಸ್ತೆ ಬಿಟ್ಟರೆ ಹಿಮದಲ್ಲಿ ಹೊಟ್ಟೆ ತಾಗಿ ಕೂರುತ್ತದೆ. ಅದಕ್ಕಿಂತ ದೊಡ್ಡ ಕಾಟ ಎಂಜಿನ್ನಿನದು. ನಿಲ್ಲಿಸಿದರೆ ಎಣ್ಣೆ ಗಟ್ಟಿಯಾಗಿ ಮತ್ತೆ ಚಾಲೂ ಆಗುವುದಿಲ್ಲ, ಚಾಲೂ ಇಟ್ಟರೆ ನಿಂತಲ್ಲೇ ಪೆಟ್ರೋಲು ಕುಡಿಯುತ್ತದೆ. ರಸ್ತೆ ಕಡಿದ ಮೇಲೆ ಪೆಟ್ರೋಲು ಬರುವುದಿಲ್ಲ. ಎರಡು ಮೂರು ದಿನದಲ್ಲಿ ಟ್ಯಾಂಕು ಬರೀ ಕಬ್ಬಿಣದ ಪೆಟ್ಟಿಗೆ. ಲಾರಿಗಳ ಪಾಡೂ ಅದೇ.

ಮೂರನೆಯದು ಕಾಯುವುದು. ಫಿನ್ನರು ಗುರಿಯಿಟ್ಟು ಹೊಡೆದದ್ದರಲ್ಲಿ ಅಡುಗೆಬಂಡಿಗಳು ಮುಖ್ಯ. ಸೋವಿಯತ್ ಅಡುಗೆಬಂಡಿ ಅಂದರೆ ಗಾಲಿಯ ಮೇಲೆ ಹಂಡೆ, ಕೆಳಗೆ ಒಲೆ, ಮೇಲೆ ಚಿಮಣಿ. ಅದರ ಹೊಗೆ ದೂರಕ್ಕೆ ಕಾಣುತ್ತದೆ. ಬಂಡಿಯೊಂದು ಹಾಳಾದರೆ ಒಂದಿಡೀ ಗುಂಪಿಗೆ ಬಿಸಿ ಊಟ ತಪ್ಪಿತು. ಮೈನಸ್ ಮೂವತ್ತರಿಂದ ನಲವತ್ತರಲ್ಲಿ ರೊಟ್ಟಿ ಇಟ್ಟಿಗೆಯಂತಾಗುತ್ತದೆ. ಬಿಸಿಯೂಟ ಇಲ್ಲದೆ ಎರಡು ದಿನ ಕಳೆದವನ ಬೆರಳು ಬಂದೂಕಿನ ಕೀಲು ಎಳೆಯಲೂ ಏಳುವುದಿಲ್ಲ. ಕುದುರೆಗಳಿಗೆ ಮೇವು ಮುಗಿದಿತ್ತು, ಕುದುರೆಗಳೇ ಊಟವಾದವು.

ಜನವರಿ 5ಕ್ಕೆ ಕೊನೆಯ ಹಂತ. ಮ್ಯಾಕಿನೆನ್, ಮಾಂಡೆಲಿನ್, ಕಾರಿ, ಫಾಗರ್ನ್ಯಾಸ್ ಎಂಬ ನಾಲ್ವರ ಪಡೆಗಳು ರಸ್ತೆಯ ಬೇರೆ ಬೇರೆ ಜಾಗದ ಮೇಲೆ ಬಿದ್ದವು. ಫಾಗರ್ನ್ಯಾಸ್ ಪಾಲಿಗೆ ಬಂದದ್ದು ಗಡಿಗೆ ಹತ್ತಿರದ ಪುರಾಸ್ ಹೊಳೆಯ ಸೇತುವೆ. ಅದು ಉರುಳಿದ ಮೇಲೆ ಪೂರ್ವದಿಂದ ನೆರವು ಬರುವ ಬಾಗಿಲೂ ಮುಚ್ಚಿತು. 6ರ ರಾತ್ರಿ ವಿನೊಗ್ರಾದೊವ್ ಭಾರಿ ಸಾಮಾನು ಬಿಟ್ಟು ಕಾಡಿನೊಳಗಿಂದ ಹಿಮ್ಮೆಟ್ಟಲು ಅಪ್ಪಣೆ ಕೊಟ್ಟರು. ರಸ್ತೆ ಬಿಟ್ಟು ನಡೆಯಬಹುದೆಂಬ ಯೋಚನೆ ಆ ಡಿವಿಷನ್ನಿಗೆ ಬಂದದ್ದು ಅದೇ ಮೊದಲು. ಒಂದು ವಾರ ಮೊದಲೇ, ಕುದುರೆ-ಲಾರಿ ಬಿಟ್ಟು, ಹೊಟ್ಟೆಯಲ್ಲಿ ಅನ್ನ ಇದ್ದಾಗ ಬಂದಿದ್ದರೆ ಅರ್ಧದಷ್ಟು ಜನ ಉಳಿಯುತ್ತಿದ್ದರೋ ಏನೋ. 7ಕ್ಕೆ ಎಲ್ಲ ಮುಗಿಯಿತು.

ಸೋವಿಯತ್ ವರದಿಯ ಪ್ರಕಾರ ಜನವರಿ 1ರಿಂದ 7ರವರೆಗೆ 44ನೇ ಡಿವಿಷನ್ ಕಳೆದುಕೊಂಡದ್ದು 4,756 ಜನ: ಸತ್ತವರು 1,001, ಗಾಯಗೊಂಡವರು 1,430, ಚಳಿಪೆಟ್ಟು ತಿಂದವರು 82, ಕಾಣೆಯಾದವರು 2,243. ಫಿನ್ನರ ಅಂದಾಜು ಇದಕ್ಕಿಂತ ತುಂಬ ದೊಡ್ಡದು. ಈ ವರದಿಯಲ್ಲಿ ಕಣ್ಣಿಡಬೇಕಾದದ್ದು ಕೊನೆಯ ಅಂಕಿಯ ಮೇಲೆ. ಸತ್ತವರಿಗಿಂತ ಕಾಣೆಯಾದವರು ಎರಡು ಪಟ್ಟಿಗಿಂತ ಹೆಚ್ಚು ಎಂದರೆ ಎಣಿಸಬೇಕಾದ ಕಂಪನಿ ಗುಮಾಸ್ತನೂ ಕಾಣೆಯಾಗಿದ್ದ ಎಂದರ್ಥ. ಚಳಿಪೆಟ್ಟು ತಿಂದವರು ಬರೀ 82 ಎಂಬುದನ್ನೂ ನಂಬಬೇಕಿಲ್ಲ. ಗಡಿಯಾಚೆ ಆಸ್ಪತ್ರೆ ಮುಟ್ಟಿದವರನ್ನಷ್ಟೇ ಹಾಗೆ ಎಣಿಸಲು ಸಾಧ್ಯ. ಸಾಮಾನಿನ ಪಟ್ಟಿಯಲ್ಲಿ 4,340 ಬಂದೂಕು, 37 ಟ್ಯಾಂಕು. ಫಿನ್ನರು ಎಣಿಸಿಕೊಂಡ ಟ್ಯಾಂಕು 43, ಜೊತೆಗೆ ಜೀವಂತ ಕುದುರೆ ಸಾವಿರಕ್ಕೂ ಮೇಲೆ.

ಜನವರಿ 11ರಂದು ಗಡಿಯಾಚೆಯ ವಾಝೆನ್ವಾರಾದಲ್ಲಿ, ಉಳಿದುಬಂದ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಬಯಲಿನಲ್ಲೇ ವಿಚಾರಣೆ ನಡೆಯಿತು. ಆರೋಪಿಗಳು ವಿನೊಗ್ರಾದೊವ್, ಸಿಬ್ಬಂದಿ ಮುಖ್ಯಸ್ಥ ವೋಲ್ಕೊವ್, ರಾಜಕೀಯ ವಿಭಾಗದ ಮುಖ್ಯಸ್ಥ ಪಖೋಮೆಂಕೊ. ಮಾಸ್ಕೊದಿಂದ ಬಂದಿದ್ದ ಲೆವ್ ಮೆಖ್ಲಿಸ್ ಮತ್ತು 9ನೇ ಸೇನೆಯ ವಾಸಿಲಿ ಚುಯ್ಕೊವ್ ಕಳಿಸಿದ ವರದಿಯಲ್ಲಿ ವಿಚಾರಣೆ ಐವತ್ತು ನಿಮಿಷ ನಡೆಯಿತೆಂದಿದೆ. ಮೂವರನ್ನೂ ಅಲ್ಲೇ ಗುಂಡಿಕ್ಕಿ ಕೊಂದರು. ವಿನೊಗ್ರಾದೊವ್ ತಪ್ಪು ಮಾಡಲಿಲ್ಲವೆಂದಲ್ಲ. ಪಕ್ಕದ ಕಾಡಿಗೆ ಬೇಹು ಕಳಿಸದೆ, ಬದಿಗಳನ್ನು ಕಾಯದೆ ಎರಡು ವಾರ ಕೂತಿದ್ದು ಅವರೇ. ಆದರೆ ರೈಲಿನಿಂದ 250 ಕಿ.ಮೀ. ಆಚೆ, ಒಂದೇ ರಸ್ತೆಗೆ, ತುಂಡು ತುಂಡಾಗಿ ಇಡೀ ಡಿವಿಷನ್ನನ್ನು ಕಳಿಸಿದ ನಿರ್ಧಾರ ಅವರದಲ್ಲ. ಆ ನಿರ್ಧಾರ ಮಾಡಿದವರು ಆ ದಿನ ಆರೋಪಿಗಳ ಸಾಲಿನಲ್ಲಿ ಇರಲಿಲ್ಲ. ಚುಯ್ಕೊವ್ ಹೆಸರು ಮೂರು ವರ್ಷದೊಳಗೆ ಸ್ಟಾಲಿನ್‌ಗ್ರಾದ್‌ನಲ್ಲಿ ಬೇರೆ ಕಾರಣಕ್ಕೆ ಜಗತ್ತಿಗೆ ಗೊತ್ತಾಯಿತು.

ಡಿವಿಷನ್ನನ್ನು ಮತ್ತೆ ತುಂಬಿಸಿ ಉಕ್ರೇನಿಗೆ ಕಳಿಸಿದರು. 1941ರಲ್ಲಿ ಅದು 44ನೇ ಪರ್ವತ ರೈಫಲ್ ಡಿವಿಷನ್. ಪರ್ವತ ಡಿವಿಷನ್ನಿನ ಕಟ್ಟೋಣವೇ ಬೇರೆ. ರೆಜಿಮೆಂಟಿನಲ್ಲಿ ಬೆಟಾಲಿಯನ್ ಎಂಬ ನಡುಮಟ್ಟ ಇರುವುದಿಲ್ಲ, ಕಂಪನಿಗಳು ನೇರ ರೆಜಿಮೆಂಟಿನ ಕೈಕೆಳಗೆ. ತೋಪು ಹಗುರ, ಬಿಚ್ಚಿ ಕುದುರೆ ಬೆನ್ನಿಗೆ ಹೇರುವಂಥದ್ದು. ಕಾರ್ಪೇಥಿಯನ್ ಬೆಟ್ಟಗಳಿಗೆ ಹೇಳಿ ಮಾಡಿಸಿದ ಪಡೆ. ಯುದ್ಧ ನಡೆದದ್ದು ಬಯಲಿನಲ್ಲಿ.

ಕಮಾಂಡರ್ ಮೇಜರ್ ಜನರಲ್ ಸೆಮ್ಯೊನ್ ತ್ಕಚೆಂಕೊ. ಮೇಲೆ ಕಿರಿಲ್ಲೊವ್ ಅವರ 13ನೇ ಕೋರ್ (ಕೆಲವು ಡಿವಿಷನ್‌ಗಳ ಗುಂಪು), ಅದರ ಮೇಲೆ ಪೊನೆದೆಲಿನ್ ಅವರ 12ನೇ ಸೇನೆ. ಜೂನ್ 22ರಂದು ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ಬಿದ್ದ ನಂತರ ಇವರು ಪಶ್ಚಿಮ ಉಕ್ರೇನಿನಿಂದ ಪೂರ್ವಕ್ಕೆ ಕಾಲ್ನಡಿಗೆಯಲ್ಲಿ ಹಿಮ್ಮೆಟ್ಟತೊಡಗಿದರು. ಉತ್ತರದಲ್ಲಿ ಜರ್ಮನ್ ಜನರಲ್ ಕ್ಲೈಸ್ಟ್‌ನ ಟ್ಯಾಂಕುಗಳು ಬೆರ್ದಿಚೆವ್ ದಾಟಿ, ಬೇಲಾಯಾ ತ್ಸೆರ್ಕೊವ್ ಬದಿಯಿಂದ ದಕ್ಷಿಣಕ್ಕೆ ಇಳಿದವು. ನಡೆಯುವವನು ದಿನಕ್ಕೆ ಮೂವತ್ತು ಕಿ.ಮೀ., ಟ್ಯಾಂಕಿನವನು ಅದರ ಎರಡರಷ್ಟು. ಆಗಸ್ಟ್ ಮೊದಲ ವಾರ ಊಮಾನ್ ಪಟ್ಟಣದ ಪೂರ್ವಕ್ಕೆ, ಸಿನ್ಯುಖಾ ನದಿಯ ಹತ್ತಿರ, ಝೆಲೇನಾ ಬ್ರಾಮಾ ಎಂಬ ಓಕ್ ಕಾಡಿನಲ್ಲಿ 6ನೇ ಮತ್ತು 12ನೇ ಸೇನೆಗಳು ಸುತ್ತುವರಿಯಲ್ಪಟ್ಟವು. ಜರ್ಮನರ ಎಣಿಕೆಯಲ್ಲಿ ಸೆರೆಸಿಕ್ಕವರು ಒಂದು ಲಕ್ಷದ ಮೂರು ಸಾವಿರ. ರಾತೆಯಲ್ಲಿ ದಾರಿ ಒಂದೇ ಇತ್ತು, ಊಮಾನ್‌ನಲ್ಲಿ ದಾರಿಗಳು ಬೇಕಾದಷ್ಟಿದ್ದವು, ಆದರೆ ಪ್ರತಿಯೊಂದರ ಕೊನೆಯಲ್ಲೂ ಯಾರೋ ಮೊದಲೇ ಬಂದು ಕೂತಿದ್ದರು.

ತ್ಕಚೆಂಕೊ ಸೆರೆಯಾದರು, 1945ರಲ್ಲಿ ಝಾಕ್ಸೆನ್‌ಹೌಝೆನ್ ಶಿಬಿರದಲ್ಲಿ ಸತ್ತರು. ಪೊನೆದೆಲಿನ್ ಮತ್ತು ಕಿರಿಲ್ಲೊವ್ ಅವರನ್ನು ಆಗಸ್ಟ್ 16ರ ಸ್ಟಾಲಿನ್ ಆಜ್ಞೆ ಸಂಖ್ಯೆ 270 ಹೆಸರು ಹಿಡಿದು ಹೇಡಿಗಳೆಂದು ಸಾರಿತು. ಸೆರೆಯಿಂದ ಮರಳಿದ ಅವರನ್ನು 1950ರಲ್ಲಿ ಕೊಂದು, 1956ರಲ್ಲಿ ನಿರ್ದೋಷಿಗಳೆಂದು ಘೋಷಿಸಿದರು. 44ನೇ ಪರ್ವತ ಡಿವಿಷನ್ನನ್ನು 1941ರ ಸೆಪ್ಟೆಂಬರ್ 19ರಂದು ಪಟ್ಟಿಯಿಂದ ಹೊಡೆದುಹಾಕಿದರು.

ಐದು ದಿನ ಕಳೆದು, ಸೆಪ್ಟೆಂಬರ್ 24ರಂದು, ಇನ್ನೊಂದು 44ನೇ ರೈಫಲ್ ಡಿವಿಷನ್ ಹುಟ್ಟಿತು. ಇದು ಲೆನಿನ್‌ಗ್ರಾದ್‌ನದು. ಕಾರ್ಖಾನೆ ಕೆಲಸಗಾರರು, ಗುಮಾಸ್ತರು, ವಿದ್ಯಾರ್ಥಿಗಳು ಸೇರಿದ 3ನೇ ಗಾರ್ಡ್ಸ್ ಜನಸೇನಾ ಡಿವಿಷನ್ನಿಗೆ ಖಾಲಿಯಾಗಿದ್ದ ಸಂಖ್ಯೆ ಕೊಟ್ಟರು. ಬೊಹುನ್, ತರಾಶ್ಚಾಗಳ ಹಳೆಯ ಪಡೆಗೂ ಇದಕ್ಕೂ ಯಾವ ನಂಟೂ ಇರಲಿಲ್ಲ. ಶ್ಚೋರ್ಸ್ ಹೆಸರೂ ಬರಲಿಲ್ಲ. ಆದರೆ ಇದರ ಮೊದಲ ದೊಡ್ಡ ಕೆಲಸವೂ ಒಂದು ದಾರಿಯದ್ದೇ!

ನವೆಂಬರ್ 8ಕ್ಕೆ ಜರ್ಮನರು ತಿಖ್ವಿನ್ ಹಿಡಿದರು. ಮುತ್ತಿಗೆಯಲ್ಲಿದ್ದ ಲೆನಿನ್‌ಗ್ರಾದ್‌ಗೆ ಲದೋಗಾ ಸರೋವರದ ದಡದವರೆಗೆ ಧಾನ್ಯ ತರುತ್ತಿದ್ದ ರೈಲುಹಳಿ ಅಲ್ಲಿಂದ ಹಾಯುತ್ತಿತ್ತು. ಹಳಿ ಕಡಿದದ್ದೇ ಝಬೋರ್ಯೆ ನಿಲ್ದಾಣದಿಂದ ನೊವಾಯಾ ಲದೋಗಾಕ್ಕೆ ಕಾಡಿನ ನಡುವೆ ಇನ್ನೂರು ಕಿ.ಮೀ.ಗೂ ಉದ್ದದ ಲಾರಿ ಹಾದಿ ಕಡಿಯಬೇಕಾಯಿತು. ಅದರಲ್ಲಿ ಲಾರಿಗಳು ಹೂತುಹೋಗಿ ಧಾನ್ಯ ತೆವಳಿಕೊಂಡು ಬಂತು. ನವೆಂಬರ್ 20ರಿಂದ ನಗರದ ರೊಟ್ಟಿಯ ಪಾಲು ಕೆಲಸಗಾರರಿಗೆ 250 ಗ್ರಾಂ, ಉಳಿದವರಿಗೆ 125. ಹೊಸ 44ನೇ ಡಿವಿಷನ್ನನ್ನು ಮುತ್ತಿಗೆಯೊಳಗಿಂದ ಲದೋಗಾ ದಾಟಿಸಿ, ಒಂದು ಪಾಲನ್ನು ವಿಮಾನದಲ್ಲಿ ಹೊತ್ತು, ತಿಖ್ವಿನ್ ರಂಗಕ್ಕೆ ತಂದರು. ಅಲ್ಲಿನ 4ನೇ ಸೇನೆಯ ನಾಯಕ ಕಿರಿಲ್ ಮೆರೆತ್ಸ್ಕೊವ್. 1939ರಲ್ಲಿ ಲೆನಿನ್‌ಗ್ರಾದ್ ಸೇನಾವಲಯದ ಮುಖ್ಯಸ್ಥರಾಗಿ ಫಿನ್ಲೆಂಡಿನ ಮೇಲಿನ ಯುದ್ಧ ಶುರುಮಾಡಿದವರು ಇವರೇ.

ತಿಖ್ವಿನ್‌ನಲ್ಲಿ ಪಾತ್ರಗಳು ಅದಲುಬದಲಾಗಿದ್ದವು. ಈ ಸಲ ಕಾಡಿನ ಒಂದೆರಡು ರಸ್ತೆಗೆ ಅಂಟಿಕೊಂಡು, ಎಣ್ಣೆ ಗಟ್ಟಿಯಾದ ಎಂಜಿನ್, ಚಳಿಗಾಲದ ಬಟ್ಟೆಯಿಲ್ಲದ ಜನರೊಂದಿಗೆ ಉದ್ದಕ್ಕೆ ಚಾಚಿಕೊಂಡಿದ್ದವರು ಜರ್ಮನರ 39ನೇ ಮೋಟಾರು ಕೋರ್‌ನವರು. ಡಿಸೆಂಬರ್ 9ರಂದು ತಿಖ್ವಿನ್ ಮರಳಿ ಬಂತು. ಡಿಸೆಂಬರ್ 25ಕ್ಕೆ ಲೆನಿನ್‌ಗ್ರಾದ್‌ನ ರೊಟ್ಟಿಯ ಪಾಲು ಮೊದಲ ಬಾರಿ ಏರಿತು. ಮುಂದೆ ಈ ಡಿವಿಷನ್ ವೋಲ್ಖೊವ್ ಜೌಗಿನಲ್ಲಿ ಎರಡು ವರ್ಷ ಕಳೆದು, 1944ರ ಜನವರಿ 29ರಂದು ಚೂದೊವೊ ಎಂಬ ರೈಲು ಪಟ್ಟಣ ಬಿಡಿಸಿ ಅದರ ಹೆಸರನ್ನೇ ಬಿರುದಾಗಿ ಪಡೆಯಿತು. ಯುದ್ಧ ಮುಗಿದಾಗ ಲಾಟ್ವಿಯಾದ ಕುರ್ಲ್ಯಾಂಡಿನಲ್ಲಿತ್ತು.

ಶ್ಚೋರ್ಸ್ ಹೆಸರಿನ ಗತಿಯನ್ನೂ ಹೇಳಿಬಿಡೋಣ. 1935ರಲ್ಲಿ ಅವರ ಹೆಸರು ಹೊತ್ತ ಸ್ನೊವ್ಸ್ಕ್ 2016ರಲ್ಲಿ ಮತ್ತೆ ಸ್ನೊವ್ಸ್ಕ್ ಆಯಿತು. ಕೀವ್‌ನಲ್ಲಿ 1954ರಿಂದ ನಿಂತಿದ್ದ ಕುದುರೆ ಸವಾರಿಯ ಪ್ರತಿಮೆಯನ್ನು 2023ರ ಡಿಸೆಂಬರ್‌ನಲ್ಲಿ ಇಳಿಸಿದರು. ರಾತೆ ರಸ್ತೆಯ ಪಕ್ಕ 2003ರಿಂದ ಸಾವಿರಾರು ಬಂಡೆಗಳನ್ನು ಬಯಲಿನಲ್ಲಿ ಹರಡಿಟ್ಟ ಸ್ಮಾರಕವಿದೆ. ನಡುವಿನ ಕಮಾನಿನಲ್ಲಿ 105 ಗಂಟೆಗಳು, ಚಳಿಗಾಲದ ಯುದ್ಧದ ದಿನಕ್ಕೊಂದರಂತೆ.

ಸೋವಿಯತ್ ಸೈನಿಕರ ದಾಖಲೆ ಹುಡುಕುವವರಿಗೆ ಒಂದು ಎಚ್ಚರಿಕೆ. ಎರಡನೇ 44ನೇ ಡಿವಿಷನ್ನಿಗೆ ಕೊಟ್ಟ ರೆಜಿಮೆಂಟ್ ಸಂಖ್ಯೆಗಳೂ 25, 146, 305. ಫಿರಂಗಿ ರೆಜಿಮೆಂಟೂ 122. ರಷ್ಯಾ ರಕ್ಷಣಾ ಇಲಾಖೆಯ ಅಂತರ್ಜಾಲ ಸಂಗ್ರಹದಲ್ಲಿ ‘305ನೇ ರೆಜಿಮೆಂಟ್, 44ನೇ ಡಿವಿಷನ್, ಕಾಣೆ, 1941’ ಎಂದಷ್ಟೇ ಕಂಡರೆ ಅವಸರಪಡಬೇಡಿ. ತಿಂಗಳು ನೋಡಿ. ಆಗಸ್ಟ್ ಎಂದಿದ್ದರೆ ಆತ ಊಮಾನ್ ಬದಿಯ ಓಕ್ ಕಾಡಿನವನು, ನವೆಂಬರ್ ಎಂದಿದ್ದರೆ ತಿಖ್ವಿನ್ ಹಾದಿಯವನು. ತಿಂಗಳು ಇಲ್ಲದಿದ್ದರೆ ಸೇನೆಗೆ ಸೇರಿದ ಊರು ನೋಡಿ. ಎರಡೂ ಇಲ್ಲದ ಚೀಟಿಗಳೂ ಸಿಗುತ್ತವೆ.